ಹಾಲೆ ಕೆತ್ತೆಯ ಆಲ್ಕಲಾಯ್ಡ್ ಕ್ಲೋರೋಫಾರ್ಮಿಗೆ ಬರುತ್ತಿಲ್ಲ

ಪ್ರಶ್ನೆ: ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಗೆ ರಸ ಮಾಡಿ ಕುಡಿಯುವ ಹಾಲೆ ಕೆತ್ತೆ (ಹಾಲೆ ಮರದ ತೊಗಟೆ), 20 ಗ್ರಾಂ ಪುಡಿ. ಮೆಥನಾಲ್ ಸಾರಕ್ಕೆ ಆಮ್ಲ ಹಾಕಿ, ಅಮೋನಿಯಾದಿಂದ ಪಿಎಚ್ 9ಕ್ಕೆ ತಂದು ಕ್ಲೋರೋಫಾರ್ಮ್ ಹಾಕಿದರೆ ಅದರಲ್ಲಿ ಆಲ್ಕಲಾಯ್ಡ್ (ಸಸ್ಯದ ನೈಟ್ರೋಜನ್‌ಯುಕ್ತ ಕ್ಷಾರೀಯ ವಸ್ತು) ಏನೂ ಸಿಗುತ್ತಿಲ್ಲ. ನೀರಿನ ಪದರಕ್ಕೆ ಮತ್ತೆ ಆಮ್ಲ ಸೇರಿಸಿ ಡ್ರಾಗೆನ್‌ಡಾರ್ಫ್ (ಆಲ್ಕಲಾಯ್ಡ್ ಪತ್ತೆಯ ದ್ರಾವಣ) ಬಿಟ್ಟರೆ ದಟ್ಟ ಕಿತ್ತಳೆ ಗಷ್ಟು. ಯಾಕೆ?

ಉತ್ತರ 1: ಹಾಲೆಯ ಮುಖ್ಯ ಆಲ್ಕಲಾಯ್ಡ್ ಎಕಿಟಮೈನ್. ಅದರ ನೈಟ್ರೋಜನ್‌ಗೆ ನಾಲ್ಕು ಇಂಗಾಲದ ಬಂಧ, ಹಾಗಾಗಿ ಸದಾ ಧನ ಅಯಾನು (ಧನ ವಿದ್ಯುದಾವೇಶದ ಕಣ). ಬೇರೆ ಆಲ್ಕಲಾಯ್ಡ್‌ಗಳು ಪಿಎಚ್ ಏರಿದಾಗ ಆವೇಶ ಕಳೆದುಕೊಂಡು ಕ್ಲೋರೋಫಾರ್ಮಿಗೆ ಬರುತ್ತವೆ, ಇದು ಹಾಗಲ್ಲ. ಪಿಎಚ್ ಎಷ್ಟೇ ಏರಿಸಿದರೂ ಬಹುಪಾಲು ನೀರಲ್ಲೇ ಉಳಿಯುತ್ತದೆ. ಕ್ಲೋರೋಫಾರ್ಮ್ ಬದಲು ಎನ್-ಬ್ಯೂಟನಾಲ್ ಬಳಸಿ. ನೀರಲ್ಲಿ ಅರೆದ ರಸಕ್ಕೂ ಅದು ಇಳಿಯುವುದು ಇದಕ್ಕೇ.

ಉತ್ತರ 2: ಮೊದಲು ಮರ ಯಾವುದೆಂದು ಖಚಿತ ಮಾಡಿಕೊಳ್ಳಿ! ಹಾಲೆಯೆಂದು ತಪ್ಪಾಗಿ ಕಾಸರಕ ತಂದಿರಬಹುದು; ಅದರ ತೊಗಟೆಯಲ್ಲಿ ಸ್ಟ್ರಿಕ್ನೀನ್, ಬ್ರೂಸಿನ್ ಎಂಬ ವಿಷದ ಆಲ್ಕಲಾಯ್ಡ್‌ಗಳಿವೆ. ಕುಡಿದರೆ ಜೀವಕ್ಕೇ ಅಪಾಯ. ಡ್ರಾಗೆನ್‌ಡಾರ್ಫ್ ಎರಡೂ ಮರದ ತೊಗಟೆಗೆ ಕಿತ್ತಳೆಯೇ. ಹಾಲೆ ಗೀರಿದರೆ ಬಿಳಿ ಹಾಲು, ಗಿಣ್ಣಿನ ಸುತ್ತ 4–7 ಎಲೆ. ಕಾಸರಕಕ್ಕೆ ಹಾಲಿಲ್ಲ, ಎಲೆ ಎದುರುಬದುರು.

ಉತ್ತರ 3: ಕತ್ತಿ ಬೇಡ, ಹಿರಿಯರಂತೆ ಕಲ್ಲಿನಿಂದಲೇ ಜಜ್ಜಿ ತೆಗೆಯಿರಿ. ಕಬ್ಬಿಣ ತಗುಲಿದರೆ ತೊಗಟೆಯ ಫೀನಾಲುಗಳು ಕಪ್ಪಾಗಬಹುದು.