ಅಪ್‌ಡೇಟ್: ಪಿಯುಸಿಯಲ್ಲಿ 4 ಅಂಕ ಕಡಿಮೆಯಾಗಿ ಇಂಜಿನಿಯರಿಂಗ್ ಸೀಟು ಕೈತಪ್ಪುವ ಹಾಗಿತ್ತು

ಹಿಂದೆ ಇಲ್ಲಿ ಈ ಬಗ್ಗೆ ನಿಮ್ಮ ಸಲಹೆ ಕೇಳಿದ್ದೆ, ನೆನಪಿದೆಯಾ? ದ್ವಿತೀಯ ಪಿಯುಸಿ ಪರೀಕ್ಷೆ-1ರಲ್ಲಿ ನನಗೆ ಫಿಸಿಕ್ಸ್ 47, ಕೆಮಿಸ್ಟ್ರಿ 46, ಗಣಿತ 38 ಬಂದಿತ್ತು. ಒಟ್ಟು 131. ಸಾಮಾನ್ಯ ವರ್ಗಕ್ಕೆ ಈ ಮೂರರಲ್ಲಿ ಶೇ. 45 ಬೇಕು, ಅಂದರೆ 300ಕ್ಕೆ 135. ಪ್ರವೇಶ ಪರೀಕ್ಷೆ ಸಿಇಟಿ ಚೆನ್ನಾಗಿ ಬರೆದಿದ್ದರೂ ಪ್ರಯೋಜನವಿರಲಿಲ್ಲ.

ಆಗ ಮರುಮೌಲ್ಯಮಾಪನಕ್ಕೆ ಹಾಕಲಾ, ಮತ್ತೊಮ್ಮೆ ಅವಕಾಶ ಕೊಡುವ ಪರೀಕ್ಷೆ-2 ಬರೆಯಲಾ ಅಂತ ಕೇಳಿದ್ದೆ. ಮೊದಲು ಉತ್ತರ ಪತ್ರಿಕೆಯ ಪ್ರತಿ ತರಿಸಿ ನೋಡು ಅಂದಿರಿ. ತರಿಸಿದೆ. ಮೌಲ್ಯಮಾಪಕರ ತಪ್ಪೇನೂ ಇರಲಿಲ್ಲ. 5 ಅಂಕದ ಇಂಟಿಗ್ರೇಶನ್ ಲೆಕ್ಕ ಅರ್ಧಕ್ಕೇ ನಿಂತಿತ್ತು, ಕೆಳಗೆ ಖಾಲಿ ಪುಟ. ಅದನ್ನು ನೋಡಿ ತುಂಬಾ ಅತ್ತೆ. ಮರುಮೌಲ್ಯಮಾಪನದ ಯೋಚನೆ ಅಲ್ಲಿಗೇ ಬಿಟ್ಟೆ.

ಗಣಿತ ಒಂದನ್ನೇ ಪರೀಕ್ಷೆ-2ರಲ್ಲಿ ಬರೆದೆ. ಇದ್ದದ್ದು ಕೆಲವೇ ದಿನ. ಅಪ್ಪ ಬೆಳಿಗ್ಗೆ 5ಕ್ಕೇ ಎದ್ದು ಟೀ ಮಾಡಿಕೊಟ್ಟು ಪಕ್ಕದಲ್ಲಿ ಸುಮ್ನೆ ಕೂತಿರುತ್ತಿದ್ದರು. ಮ್ಯಾಟ್ರಿಕ್ಸ್, ವೆಕ್ಟರ್, ಲೀನಿಯರ್ ಪ್ರೋಗ್ರಾಮಿಂಗ್ ಮೊದಲು ಮುಗಿಸಿದೆ. ಇಂಟಿಗ್ರೇಶನ್ ಜಾಸ್ತಿ ಮುಟ್ಟಲಿಲ್ಲ.

63 ಬಂತು! ಈಗ ಒಟ್ಟು 156, ಶೇ. 52. ಪರೀಕ್ಷೆಗಳಲ್ಲಿ ಯಾವುದು ಹೆಚ್ಚೋ ಆ ಅಂಕವೇ ಉಳಿಯುತ್ತದೆ, ಹಾಗಾಗಿ ಬರೆಯಲು ಹೆದರಬೇಕಿಲ್ಲ. ಇದು ನನಗೆ ಮೊದಲು ಗೊತ್ತೇ ಇರಲಿಲ್ಲ.

ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅರ್ಧ ಅಲ್ವಾ, ಟಾಪ್ ಕಾಲೇಜು ಸಿಗಲಿಕ್ಕಿಲ್ಲ. ಪರವಾಗಿಲ್ಲ. ಆಪ್ಷನ್ ಎಂಟ್ರಿಗೆ (ಬೇಕಾದ ಕಾಲೇಜು, ಕೋರ್ಸ್ ಆಯ್ಕೆ ತುಂಬುವುದಕ್ಕೆ) ಪಟ್ಟಿ ಮಾಡುತ್ತಿದ್ದೇನೆ, ಸಿವಿಲ್ ಮೊದಲು. ಉತ್ತರ ಬರೆದ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.