ಹೋರಿಯ ವೀರ್ಯಾಣುವಿಗೆ ಹೊರಗಿನಿಂದ ಕಿಣ್ವ ಕೊಡಬೇಕೇ?

ಪ್ರಶ್ನೆ
ಸ್ಟ್ರಾದಲ್ಲಿ ಘನೀಕರಿಸಿಟ್ಟ ಹೋರಿ ವೀರ್ಯದಿಂದ ಐವಿಎಫ್ (ದೇಹದ ಹೊರಗೆ ಫಲೀಕರಣ) ಮಾಡುತ್ತಿದ್ದೇವೆ. 37 ಡಿಗ್ರಿಯಲ್ಲಿ ಕರಗಿಸಿ, ಒಳ್ಳೆಯ ವೀರ್ಯಾಣು ಬೇರ್ಪಡಿಸುವ ದ್ರಾವಣವಾದ 45/90 (ಶೇಕಡಾ) ಪರ್ಕಾಲ್‌ನಲ್ಲಿ ತೊಳೆದ ಮೇಲೂ ಚಲನೆ ಚೆನ್ನಾಗಿದೆ, ಫಲೀಕರಣ ಮಾತ್ರ ತೀರಾ ಕಡಿಮೆ. ವೀರ್ಯಾಣು, ಅಂಡಾಣು ಸೇರಿಸುವ ದ್ರಾವಣದ ಹನಿಯಲ್ಲಿ ಹೆಪಾರಿನ್ ಕಿಣ್ವ ಇದೆ. ಜೊತೆಗೆ ಹಯಲುರೊನಿಡೇಸ್ (ಅಂಡಾಣುವಿನ ಸುತ್ತಲ ಕೋಶಗಳ ನಡುವಿನ ಅಂಟು ಕರಗಿಸುವ ಕಿಣ್ವ) ಹಾಕಿದರೆ ವೀರ್ಯಾಣು ಸುಲಭವಾಗಿ ಒಳಹೋಗುತ್ತದೆಯೇ?

ಉತ್ತರ 1
ದಯವಿಟ್ಟು ಹಾಕಬೇಡಿ. ಅಂಡಾಣುವಿನ ಸುತ್ತಲಿನ ಕ್ಯೂಮುಲಸ್ ಕೋಶಗಳು ಬೇಗನೆ ಉದುರಿಹೋಗುತ್ತವೆ. ಹಸುವಿನಲ್ಲಿ ಬೆತ್ತಲೆ ಅಂಡಾಣುಗಳ ಫಲೀಕರಣ ಕಡಿಮೆಯೇ. ಬೇಕಾದಷ್ಟು ಹಯಲುರೊನಿಡೇಸ್ ವೀರ್ಯಾಣುವಿನ ತಲೆಯಲ್ಲೇ ಇದೆ. ಪ್ರೋಟೀನ್ ಕತ್ತರಿಸುವ ಅಕ್ರೋಸಿನ್ ಕಿಣ್ವ ಕೂಡ ಪ್ರೊಅಕ್ರೋಸಿನ್ ರೂಪದಲ್ಲಿ, ನಿಷ್ಕ್ರಿಯವಾಗಿ, ತಲೆಯ ತುದಿಯ ಅಕ್ರೋಸೋಮ್ ಚೀಲದಲ್ಲಿ ಕೂತಿರುತ್ತದೆ. ಚೀಲ ಒಡೆದು ಪಿಎಚ್ ಏರಿದಾಗಲೇ ಅದಕ್ಕೆ ಚುರುಕು ಬರುವುದು. ಆದರೆ ಅಕ್ರೋಸಿನ್ ಮಾತ್ರವೇ ಅಂಡಾಣುವಿನೊಳಗೆ ದಾರಿ ಕೊರೆಯುತ್ತದೆ ಎಂದುಕೊಳ್ಳಬೇಡಿ: ಆ ಜೀನ್ ತೆಗೆದ ಇಲಿಗಳೂ ಮರಿ ಹಾಕುತ್ತವೆಂದು 1994ರಲ್ಲೇ ಗೊತ್ತಾಗಿದೆ.

ಇನ್ನೊಂದು, ಹೆಪಾರಿನ್ ಕಿಣ್ವವಲ್ಲ, ಸಕ್ಕರೆ ಸರಪಳಿ. ವೀರ್ಯದ್ರವದಿಂದ ಬಂದು ಪೊರೆಗೆ ಅಂಟಿಕೊಂಡಿರುವ ಪ್ರೋಟೀನ್‌ಗಳನ್ನು ಅದು ಹಿಡಿದು ಕಳಚುತ್ತದೆ. ಕೊಲೆಸ್ಟರಾಲ್ ಹೊರಬೀಳುತ್ತದೆ, ಅದನ್ನು ಆಲ್ಬುಮಿನ್ ಎತ್ತಿಕೊಳ್ಳುತ್ತದೆ. ಬೈಕಾರ್ಬೊನೇಟ್ ಮತ್ತು ಕ್ಯಾಲ್ಸಿಯಂ ಒಳಗಿನ ಅಡೆನಿಲೈಲ್ ಸೈಕ್ಲೇಸ್ ಕಿಣ್ವವನ್ನು ಎಬ್ಬಿಸುತ್ತವೆ, ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣು ಏರುತ್ತದೆ, ಪ್ರೋಟೀನ್ ಕೈನೇಸ್-ಎ ಕಿಣ್ವ ಕೆಲಸಕ್ಕಿಳಿಯುತ್ತದೆ. ಕೆಪಾಸಿಟೇಶನ್‌ನಲ್ಲಿ (ವೀರ್ಯಾಣು ಫಲೀಕರಣಕ್ಕೆ ಸಜ್ಜಾಗುವುದು) ಕಿಣ್ವಗಳ ನಿಜವಾದ ಪಾತ್ರ ಇಲ್ಲೇ, ವೀರ್ಯಾಣುವಿನ ಒಳಗೆ. ನಾವು ಹೊರಗಿನಿಂದ ಮಾಡಬಹುದಾದದ್ದು ಅವಕ್ಕೆ ಬೇಕಾದ ವಾತಾವರಣ ಒದಗಿಸುವುದು, ಅಷ್ಟೇ.

ನಿಮ್ಮ ಫಲೀಕರಣ ದ್ರಾವಣದಲ್ಲಿ ಗ್ಲೂಕೋಸ್ ಇದೆಯೇ? ಅದನ್ನು ಮೊದಲು ನೋಡಿ.

ಪ್ರಶ್ನೆ ಕೇಳಿದವರು
ದ್ರಾವಣದಲ್ಲಿ ಇಲ್ಲ. ಆದರೆ ಅಂಡಾಣುಗಳು ಟಿಸಿಎಂ-199 ಎಂಬ ಪೋಷಕ ದ್ರಾವಣದಲ್ಲಿ ಬಲಿತ ಮೇಲೆ ಪಿಪೆಟ್‌ನಿಂದ ನೇರ ಹನಿಗೆ ಹೋಗುತ್ತವೆ.

ಉತ್ತರ 1
ಅದರೊಂದಿಗೆ ಗ್ಲೂಕೋಸೂ ಹೋಗುತ್ತದಲ್ಲ! ಟಿಸಿಎಂ-199ರಲ್ಲಿ ಅದು 5.6 ಮಿಲಿಮೋಲಾರ್ ಇದೆ. ಹೋರಿ ವೀರ್ಯಾಣುವಿನಲ್ಲಿ ಗ್ಲೂಕೋಸ್ ಒಳಗಿನ ಪಿಎಚ್ ಇಳಿಸಿ ಹೆಪಾರಿನ್ ಕೆಲಸಕ್ಕೇ ತಡೆ ಹಾಕುತ್ತದೆ. ಹನಿಗೆ ಬಿಡುವ ಮುನ್ನ ಗ್ಲೂಕೋಸ್ ಇಲ್ಲದ ಫಲೀಕರಣ ದ್ರಾವಣದಲ್ಲೇ ಎರಡು ಮೂರು ಬಾರಿ ತೊಳೆಯಿರಿ, ಪ್ರತಿ ಸಲ ಆದಷ್ಟು ಕಡಿಮೆ ದ್ರವ ಎಳೆದುಕೊಳ್ಳಿ.

ಉತ್ತರ 2
ಮೇಲಿನದು ಸರಿ. ಹೆಪಾರಿನ್ ಪ್ರಮಾಣದ ಬಗ್ಗೆಯೂ ಹೇಳಬೇಕು. ಸಾಮಾನ್ಯ ಲೆಕ್ಕ ಮಿಲಿಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ 1 ಮಿಗ್ರಾಂ/ಮಿಲೀ ಸ್ಟಾಕ್‌ನಿಂದ 1 ಮಿಲೀಗೆ 10 ಮೈಕ್ರೋಲೀಟರ್. ಆದರೆ ಹೋರಿಯಿಂದ ಹೋರಿಗೆ ಇದು ಬದಲಾಗುತ್ತದೆ. ಹೊಸ ಹೋರಿಯ ಸ್ಟ್ರಾ ಬಂದರೆ 2, 5, 10, 20 ಮೈಕ್ರೋಗ್ರಾಂನಲ್ಲಿ ಪರೀಕ್ಷಿಸಿ. ಹೆಪಾರಿನ್‌ನ ಲಾಟ್ ಬದಲಾದಾಗಲೂ ಹಾಗೆಯೇ. ವೀರ್ಯಾಣು ಮಿಲಿಲೀಟರಿಗೆ 10 ಲಕ್ಷ ಇರಲಿ.

ತಾಜಾ ವೀರ್ಯಕ್ಕೆ ಹೆಪಾರಿನ್ ಜೊತೆ 4 ಗಂಟೆ ಬೇಕೆಂಬುದನ್ನು ಸ್ಟ್ರಾ ವೀರ್ಯಕ್ಕೆ ಅನ್ವಯಿಸಬೇಡಿ. ಘನೀಕರಣದಲ್ಲೇ ಪೊರೆ ಸಡಿಲವಾಗಿ ಕ್ಯಾಲ್ಸಿಯಂ ಒಳನುಗ್ಗಿರುತ್ತದೆ. ಕಾಯಿಸಿದರೆ ಅಂಡಾಣು ಸಿಗುವ ಮೊದಲೇ ಅಕ್ರೋಸೋಮ್ ಒಡೆದು ಕಿಣ್ವ ವ್ಯರ್ಥವಾಗುತ್ತದೆ. ತೊಳೆದ ಕೂಡಲೇ ಹನಿಗೆ ಬಿಡಿ. ಓಡುತ್ತಿರುವ ವೀರ್ಯಾಣುವಿನ ಅಕ್ರೋಸೋಮ್ ಒಡೆದಿರಲೂಬಹುದು, ಚಲನೆ ನೋಡಿ ಅದು ತಿಳಿಯುವುದಿಲ್ಲ. ಅಕ್ರೋಸೋಮ್ ಸ್ಥಿತಿ ತೋರಿಸುವ ಎಫ್‌ಐಟಿಸಿ-ಪಿಎನ್‌ಎ ಬಣ್ಣ ಹಾಕಿ ನೋಡಿ.

ಹನಿಗಳು ಹಿಂದಿನ ದಿನವೇ 38.5 ಡಿಗ್ರಿ, 5% ಕಾರ್ಬನ್ ಡೈಆಕ್ಸೈಡ್‌ನಲ್ಲಿ ಕೂತಿರಲಿ. ಇಲ್ಲದಿದ್ದರೆ ಬೈಕಾರ್ಬೊನೇಟ್ ಇದ್ದೂ ಪಿಎಚ್ ಸರಿಯಿರುವುದಿಲ್ಲ.

ಕೊನೆಗೆ, ಸುಮಾರು 18 ಗಂಟೆಯ ಬಳಿಕ ಕೆಲವು ಅಂಡಾಣುಗಳನ್ನು ಬಿಡಿಸಿ, ಸ್ಥಿರೀಕರಿಸಿ, ಅಸಿಟೊ-ಆರ್ಸೀನ್ ಬಣ್ಣ ಹಾಕಿ ಪ್ರೊನ್ಯೂಕ್ಲಿಯಸ್ (ಅಂಡಾಣು, ವೀರ್ಯಾಣುಗಳಿಂದಾಗುವ ಕೋಶಕೇಂದ್ರ) ಎಣಿಸಿ. ಎರಡು ಇದ್ದರೆ ಸರಿ. ಮೂರು ಅಥವಾ ಹೆಚ್ಚು ಕಂಡರೆ ಒಂದಕ್ಕಿಂತ ಹೆಚ್ಚು ವೀರ್ಯಾಣು ಹೊಕ್ಕಿವೆ, ಹೆಪಾರಿನ್ ಅಥವಾ ವೀರ್ಯಾಣು ಸಂಖ್ಯೆ ಇಳಿಸಿ. ಝೋನಾ (ಅಂಡಾಣುವಿನ ಹೊರಕವಚ) ಮೇಲೆ ವೀರ್ಯಾಣು ಅಂಟಿದ್ದು ಒಳಗೇನೂ ಇಲ್ಲದಿದ್ದರೆ ಕೆಪಾಸಿಟೇಶನ್ ಕಡೆ ಹುಡುಕಿ, ಅಂಡಾಣು ಬಲಿತಿದೆಯೇ ಎಂದೂ ನೋಡಿ. ಹಯಲುರೊನಿಡೇಸ್ ಬಳಸುವುದಿದ್ದರೆ ಈ ಹಂತದಲ್ಲಿ, ಕ್ಯೂಮುಲಸ್ ಬಿಡಿಸಲು ಬಳಸಿ.