ಸ್ತಬ್ಧಚಿತ್ರದ ಹೆಜ್ಜಾರ್ಲೆ (ಪೆಲಿಕನ್): ರೆಕ್ಕೆ ಬಡಿತದಲ್ಲಿ ಜೀವ ಇಲ್ಲ, ಏನು ಮಾಡೋದು?

ಮದ್ದೂರು_ಫ್ಯಾಬ್ರಿಕೇಟರ್:
ದಸರಾ ಮೆರವಣಿಗೆಗೆ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ ಮಾಡ್ತಿದ್ದೀವಿ. ಒಂದೊಂದು ರೆಕ್ಕೆ 4 ಅಡಿ, 1.2 ಕೆಜಿ, ತೂಕದ ಮಧ್ಯಬಿಂದು ಕೀಲಿನಿಂದ 45 ಸೆಂ.ಮೀ. ಗಾಡಿ ಗಾಜು ಒರೆಸುವ 12 ವೋಲ್ಟ್ ವೈಪರ್ ಮೋಟಾರ್, ನಿಮಿಷಕ್ಕೆ 45 ಸುತ್ತು, ಒಂದೇ ಕ್ರ್ಯಾಂಕ್ (ಶಾಫ್ಟಿನ ಜೊತೆ ಸುತ್ತುವ ತೋಳು) ಪಿನ್ನಿಗೆ ಎರಡು ರಾಡು. ಎಡ ರೆಕ್ಕೆ ಮುಂಚೆ ಏರುತ್ತೆ, ಇಳಿಯುವಾಗ ಧಡ್ ಅನ್ನುತ್ತೆ, ಮೋಟಾರ್ ಬಿಸಿಯಾಗುತ್ತೆ. ನೋಡಿದರೆ ಹಕ್ಕಿ ಅನ್ನಿಸೋದೇ ಇಲ್ಲ.

ಲೇತ್_ಮೇಷ್ಟ್ರು:
ಪಿನ್ನು ಮೇಲೆ ಕೆಳಗೆ ಅಷ್ಟೇ ಹೋಗಲ್ಲ, ಪಕ್ಕಕ್ಕೂ ಸರಿಯುತ್ತೆ. ಎಡ-ಬಲ ತಪ್ಪೋದು ಅದಕ್ಕೇ. ಶಾಫ್ಟನ್ನು ಹಕ್ಕಿಯ ಮೈಗೆ ಅಡ್ಡವಾಗಿ ಇಟ್ಟು, ಎರಡು ತುದಿಗೂ ಒಂದೇ ಕೋನದಲ್ಲಿ 4 ಸೆಂ.ಮೀ. ಕ್ರ್ಯಾಂಕ್ ಹಾಕಿ. ರೆಕ್ಕೆಯನ್ನು ಕೀಲಿನಿಂದ 8 ಸೆಂ.ಮೀ.ನಲ್ಲಿ ಹಿಡಿದರೆ ಮೇಲೂ ಕೆಳಗೂ ಸುಮಾರು 30 ಡಿಗ್ರಿ ಸಿಗುತ್ತೆ. ರಾಡಿನ ಎರಡೂ ತುದಿಗೆ ಎಂ8 ರಾಡ್ ಎಂಡ್ (8 ಮಿ.ಮೀ. ಬೋಲ್ಟಿನ, ಎಲ್ಲ ಕಡೆ ವಾಲುವ ಗುಂಡು ಕೀಲು). ರಾಡು 24 ಸೆಂ.ಮೀ.ಗಿಂತ ಗಿಡ್ಡ ಬೇಡ, ವಾಲುವಿಕೆ ಜಾಸ್ತಿಯಾಗಿ ಬೋಲ್ಟು ಬಗ್ಗುತ್ತೆ.

ಧಡ್ ಅನ್ನೋದು ಗೇರಿನ ಸಡಿಲ. ಕೀಲಿನಿಂದ 10 ಸೆಂ.ಮೀ.ನಲ್ಲಿ ಸ್ಪ್ರಿಂಗ್ ಕಟ್ಟಿದರೆ ರೆಕ್ಕೆ ಪೂರ್ತಿ ತೂಗಲು 1.2 × 45 ÷ 10, ಅಂದರೆ 5.4 ಕೆಜಿ ಎಳೆತ ಬೇಕು. ಪೂರ್ತಿ ಕೊಡಬೇಡಿ, 4.3ಕ್ಕೆ ನಿಲ್ಲಿಸಿ. ಭಾರ ಯಾವಾಗಲೂ ಒಂದೇ ಕಡೆಗೆ ಎಳೀತಿದ್ದರೆ ಸಡಿಲ ಸದ್ದು ಮಾಡಲ್ಲ. ಸ್ಪ್ರಿಂಗ್ ಉದ್ದವಾಗಿ, ಮೆತ್ತಗಿರಲಿ.

45 ಸುತ್ತು ದೊಡ್ಡ ಹಕ್ಕಿಗೆ ಜಾಸ್ತಿ. ಮೋಟಾರಿಗೆ ಸೈಕಲ್ಲಿನ 18 ಹಲ್ಲಿನ ಚಕ್ರ, ಶಾಫ್ಟಿಗೆ 44 ಹಲ್ಲಿನದು, ನಡುವೆ ಚೈನ್: 18 ಸುತ್ತಿಗೆ ಇಳಿಯುತ್ತೆ, ಮೋಟಾರಿನ ಹೊರೆಯೂ ಅರ್ಧಕ್ಕಿಂತ ಕಡಿಮೆ. ಚಿಕ್ಕ ಚಕ್ರದ ಫ್ರೀವೀಲ್ (ಒಂದೇ ಕಡೆಗೆ ಹಿಡಿಯುವ ಭಾಗ) ವೆಲ್ಡ್ ಮಾಡಿ ಲಾಕ್ ಮಾಡಲೇಬೇಕು. ಇಲ್ಲದಿದ್ದರೆ ಇಳಿಯುವ ರೆಕ್ಕೆ ಮೋಟಾರನ್ನೂ ಮೀರಿ ಬೀಳುತ್ತೆ.

ಒಂಟಿಕೊಪ್ಪಲ್_ಶಿಲ್ಪಿ:
ಮೇಷ್ಟ್ರು ಹೇಳಿದ್ದು ಯಂತ್ರಕ್ಕೆ ಸರಿ. ಜೀವ ಬರೋದು ಮಣಿಕಟ್ಟಿನಿಂದ. ರೆಕ್ಕೆಯ ಹೊರಗಿನ ಮೂರನೇ ಒಂದು ಭಾಗಕ್ಕೆ ಬೇರೆ ಕೀಲು ಕೊಡಿ, ಅದನ್ನು ಸೈಕಲ್ ಬ್ರೇಕ್ ಕೇಬಲ್ಲಿನಿಂದ ಮಡಿಸಿ, ರಬ್ಬರಿನಿಂದ ಚಾಚಿ. ಕೇಬಲ್ ಎಳೆಯುವ ಪಿನ್ನನ್ನು ಮುಖ್ಯ ಕ್ರ್ಯಾಂಕಿಗಿಂತ ಕಾಲು ಸುತ್ತು ಸರಿಸಿ ಹಾಕಿ. ಏರುವ ದಾರಿಯ ನಡುವೆ ರೆಕ್ಕೆ ಪೂರ್ತಿ ಮಡಿಸಿರಬೇಕು, ಇಳಿಯುವ ದಾರಿಯ ನಡುವೆ ಪೂರ್ತಿ ಚಾಚಿರಬೇಕು. ಕಾಲು ಸುತ್ತು ಉಲ್ಟಾ ಕಡೆಗೆ ಹಾಕಿದರೆ ಹಕ್ಕಿ ಹಿಂದಕ್ಕೆ ಹಾರಿದ ಹಾಗಿರುತ್ತೆ! ಕೇಬಲ್ ಹೆಗಲ ಹತ್ತಿರ ದೊಡ್ಡ ಬಳಸಿನಲ್ಲಿ ಹೋಗಲಿ, ಸೊಟ್ಟಗೆ ಬಗ್ಗಿದರೆ ಒಳತಂತಿ ಹಿಡಿದುಕೊಳ್ಳುತ್ತೆ.

ಕತ್ತು ಚಾಚಿಬಿಟ್ಟಿಲ್ಲ ತಾನೇ? ಕೊಕ್ಕರೆ ಕತ್ತು ಚಾಚಿ ಹಾರುತ್ತೆ, ಹೆಜ್ಜಾರ್ಲೆ ಮಡಿಸಿಕೊಂಡು ಹಾರುತ್ತೆ. ನಾಲ್ಕೈದು ಬಡಿತ ಆದಮೇಲೆ ತೇಲೋದೂ ಅದರ ಸ್ವಭಾವ.

ಮದ್ದೂರು_ಫ್ಯಾಬ್ರಿಕೇಟರ್:
ತೇಲಿಸಿ ನಿಲ್ಲಿಸೋಕೆ ವೈಪರನ್ನು ಪ್ರತಿಸಲ ಒಂದೇ ಜಾಗದಲ್ಲಿ ನಿಲ್ಲಿಸುವ ಪಾರ್ಕ್ ಸ್ವಿಚ್ಚೇ ಸಾಕಲ್ವಾ ಸರ್? ಕರೆಂಟು ಟ್ರ್ಯಾಕ್ಟರ್ ಬ್ಯಾಟರಿಯಿಂದ.

ಲೇತ್_ಮೇಷ್ಟ್ರು:
ಸಾಕಾಗಲ್ಲ. ಅದು ನಿಲ್ಲಿಸೋದು ಮೋಟಾರ್ ಶಾಫ್ಟನ್ನು. ಚೈನ್ ಹಾಕಿದ ಮೇಲೆ ರೆಕ್ಕೆ ಪ್ರತಿಸಲ ಬೇರೆ ಬೇರೆ ಕಡೆ ನಿಲ್ಲುತ್ತೆ. ದೊಡ್ಡ ಚಕ್ರದ ಶಾಫ್ಟಿಗೆ ಕ್ಯಾಮ್ (ಒಂದು ಕಡೆ ಉಬ್ಬಿದ ಬಿಲ್ಲೆ) ಕೂರಿಸಿ, ಅದು ಒತ್ತುವ ಹಾಗೆ ಮೈಕ್ರೋಸ್ವಿಚ್ (ಪುಟ್ಟ ಸ್ವಿಚ್) ಹಾಕಿ.

ಟ್ರ್ಯಾಕ್ಟರ್ ಬ್ಯಾಟರಿ ಬೇಡ. ಎಷ್ಟೋ ವೈಪರ್ ಮೋಟಾರಿನಲ್ಲಿ ಮೈನಸ್ ಹೊರಮೈಗೇ ಸೇರಿರುತ್ತೆ, ಟ್ರ್ಯಾಕ್ಟರ್ ಚಾಸಿಗೂ (ಕಬ್ಬಿಣದ ಚೌಕಟ್ಟಿಗೂ) ಮೈನಸ್ಸೇ. ಮೈನಸ್ ಕಡೆ ಕತ್ತರಿಸುವ ಸ್ಪೀಡ್ ಕಂಟ್ರೋಲರ್ ಇದ್ದರೆ ಕರೆಂಟು ಅದನ್ನು ಬಿಟ್ಟು ಚಾಸಿಯಲ್ಲೇ ಹೋಗುತ್ತೆ, ಮೋಟಾರ್ ಪೂರ್ತಿ ವೇಗಕ್ಕೆ ಏರುತ್ತೆ. ಮೋಟಾರ್ ಕೆಳಗೆ ರಬ್ಬರ್ ಇಟ್ಟರೂ ಚೈನ್ ಮೂಲಕ ತಾಗೇ ತಾಗುತ್ತೆ. ಬೇರೆ ಬ್ಯಾಟರಿ ಇಡಿ, ಅದರ ಮೈನಸ್ ಚಾಸಿಗೆ ಕೊಡಬೇಡಿ, ಪ್ಲಸ್ಸಿಗೆ 10 ಆಂಪಿಯರ್ ಫ್ಯೂಸ್ ಹಾಕಿ.